ಸಂಸಾರದ ಕಾರು: ಅಂಕಿಯೂ ಅನುಭವವೂ

ಮಧ್ಯಮ ವರ್ಗದ ಗೃಹಸ್ಥನು ತನ್ನ ಆಯುಷ್ಯದಲ್ಲಿ ಮನೆಯೊಂದನ್ನು ಬಿಟ್ಟರೆ ಅತಿ ಹೆಚ್ಚಿನ ಹಣ ತೆತ್ತು ಕೊಳ್ಳುವ ವಸ್ತು ಯಾವುದೆಂದು ಯಾರಾದರೂ ಕೇಳಿದರೆ, ಈಗ ಅದಕ್ಕೆ ಮೋಟಾರು ಕಾರೆಂದೇ ಉತ್ತರ ಹೇಳಬೇಕಾಗಿದೆ. ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಒಂದಂಶವನ್ನು ಮುಂಗಡವಾಗಿ ಕೊಟ್ಟು, ಉಳಿದುದಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡಿ, ಐದಾರು ವರ್ಷ ತಿಂಗಳ ಸಂಬಳದಿಂದ ಕಂತು ಕಟ್ಟುತ್ತಾ ಹೋಗುವ ವ್ಯವಹಾರವಿದು. ಇಷ್ಟು ದೊಡ್ಡ ವ್ಯವಹಾರವು ನಮ್ಮಲ್ಲಿ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಮೇಲೆ ತೀರ್ಮಾನವಾಗುತ್ತದೆ: ಲೀಟರಿಗೆ ಎಷ್ಟು ಕೊಡುತ್ತದೆ? ಆ ಪ್ರಶ್ನೆಗೆ ಬರುವ ಉತ್ತರವು ಎಷ್ಟರಮಟ್ಟಿಗೆ ನಿಜ, ಮತ್ತು ಆ ಪ್ರಶ್ನೆಯೊಂದನ್ನೇ ಕೇಳಿ ತೃಪ್ತರಾಗುವುದು ಎಷ್ಟರಮಟ್ಟಿಗೆ ವಿವೇಕ ಎಂಬುದನ್ನು ವಾಚಕರ ಮುಂದೆ ವಿಚಾರಕ್ಕೆ ಇಡಬೇಕೆಂದು ನಮಗೆ ತೋರಿದೆ.

ಮಿತ್ರರೊಬ್ಬರ ಅನುಭವ

ನಮ್ಮ ಮಿತ್ರರೊಬ್ಬರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು. ಲೆಕ್ಕಪತ್ರದಲ್ಲಿ ಒಂದು ಪೈಸೆಯ ವ್ಯತ್ಯಾಸವನ್ನೂ ಸಹಿಸದ ಮನುಷ್ಯರು. ಅವರು ಎರಡು ವರ್ಷದ ಕೆಳಗೆ ಒಂದು ಸಣ್ಣ ಪೆಟ್ರೋಲು ಕಾರನ್ನು ಕೊಂಡರು. ಕೈಪಿಡಿಯಲ್ಲಿ ಲೀಟರಿಗೆ 22 ಕಿಲೋಮೀಟರೆಂದು ಅಚ್ಚಾಗಿತ್ತು. ಇವರು ಊರಿನೊಳಗೆ ಓಡಿಸಿ, ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ, ಮತ್ತೆ ತುಂಬಿಸುವವರೆಗೆ ಓಡಿದ ದೂರವನ್ನು ನೋಟುಪುಸ್ತಕದಲ್ಲಿ ಬರೆದು ಭಾಗಿಸಿ ನೋಡಿದರೆ, ಬಂದದ್ದು ಹದಿಮೂರು. ಮಾರಾಟಗಾರರನ್ನು ಕೇಳಿದಾಗ, ‘ಮೂರು ಸರ್ವೀಸು ಆಗಲಿ ಸ್ವಾಮಿ, ಎಂಜಿನು ಹದಕ್ಕೆ ಬರುತ್ತದೆ’ ಎಂಬ ಉತ್ತರ ದೊರೆಯಿತು. ಮೂರು ಸರ್ವೀಸೂ ಆಯಿತು. ಹದಿಮೂರು ಹದಿನಾಲ್ಕಾಯಿತು, ಅಷ್ಟೆ.

ಇದು ಹಣದ ಮಾತು. ಇದನ್ನು ಅವರು ನಕ್ಕು ಮರೆಯುತ್ತಿದ್ದರೋ ಏನೋ. ಆದರೆ ಕಳೆದ ದಸರೆಯ ರಜೆಯಲ್ಲಿ ವೃದ್ಧ ತಾಯಿ, ಪತ್ನಿ ಮತ್ತು ಇಬ್ಬರು ಮಕ್ಕಳೊಂದಿಗೆ ಕರಾವಳಿಯ ಕ್ಷೇತ್ರಗಳನ್ನು ನೋಡಿಕೊಂಡು ಶಿರಾಡಿ ಘಟ್ಟ ಹತ್ತಿ ಹಿಂದಿರುಗುವಾಗ, ಮುಂದೆ ತೆವಳುತ್ತಿದ್ದ ಟ್ಯಾಂಕರೊಂದನ್ನು ದಾಟಲು ಬಲಕ್ಕೆ ಹೊರಳಿದರು. ಕಾಲನ್ನು ತುದಿಯವರೆಗೆ ಒತ್ತಿದರೂ ಕಾರು ಕೂಗಿತೇ ಹೊರತು ಮುಂದೆ ನುಗ್ಗಲಿಲ್ಲ. ಟ್ಯಾಂಕರಿನ ಅರ್ಧ ಉದ್ದ ದಾಟುವಷ್ಟರಲ್ಲಿ ಎದುರಿನ ತಿರುವಿನಿಂದ ಬಸ್ಸು ಕಾಣಿಸಿಕೊಂಡಿತು. ಬಸ್ಸಿನ ಚಾಲಕನು ಸಮಯಕ್ಕೆ ಸರಿಯಾಗಿ ಬ್ರೇಕು ಹಾಕಿದ್ದರಿಂದ ಐದು ಜೀವ ಉಳಿದವು. ಸಕಲೇಶಪುರದಲ್ಲಿ ಕಾಫಿಗೆ ಇಳಿದಾಗ ಆ ತಾಯಿ, ‘ಮಗಾ, ಇನ್ನು ಮೇಲೆ ಬಸ್ಸಿನಲ್ಲೇ ಬರೋಣಪ್ಪ’ ಎಂದರಂತೆ. ನಮ್ಮ ಮಿತ್ರರು ಇದನ್ನು ಹೇಳಿ ಕೊನೆಗೆ ಆಡಿದ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ: ‘ಕೊಳ್ಳುವಾಗ ಲೀಟರಿಗೆ ಎಷ್ಟು ಎಂದು ಹತ್ತು ಸಲ ಕೇಳಿದೆ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಟ್ಟ ಹತ್ತುತ್ತದೆಯೇ ಎಂದು ಒಂದು ಸಲವೂ ಕೇಳಲಿಲ್ಲ.’

ಅಂಕಿ ಹುಟ್ಟುವ ಬಗೆ

ಕೈಪಿಡಿಯ ಅಂಕಿ ಸುಳ್ಳೆಂದು ನಾವು ಹೇಳಲಾರೆವು. ಅದು ಹುಟ್ಟುವ ಸ್ಥಳ ಬೇರೆ, ನಾವು ಕಾರು ಓಡಿಸುವ ಸ್ಥಳ ಬೇರೆ. 1966ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಭಾರತ ಆಟೋಮೋಟಿವ್ ಸಂಶೋಧನಾ ಸಂಘವೇ ಮೊದಲಾದ ಅಧಿಕೃತ ಸಂಸ್ಥೆಗಳು ಕಾರನ್ನು ಪ್ರಯೋಗಶಾಲೆಯೊಳಗೆ ಉರುಳೆಗಳ ಮೇಲೆ ನಿಲ್ಲಿಸಿ, ಚಕ್ರಗಳನ್ನು ನಿಂತಲ್ಲಿಯೇ ತಿರುಗಿಸಿ ಈ ಅಂಕಿಯನ್ನು ಪಡೆಯುತ್ತವೆ. ನಮ್ಮಲ್ಲಿ ಈವರೆಗೆ ರೂಢಿಯಲ್ಲಿ ಬಂದಿರುವ ಚಾಲನಾ ಚಕ್ರವು 1180 ಸೆಕೆಂಡುಗಳದು. ಎಂದರೆ ಇಪ್ಪತ್ತು ನಿಮಿಷಕ್ಕೂ ಕಡಮೆ. ಅದರಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರು. ವೇಗವನ್ನು ಏರಿಸುವುದೂ ಇಳಿಸುವುದೂ ಬಹು ಸೌಮ್ಯ. ಹವಾನಿಯಂತ್ರಕವನ್ನು ಚಾಲೂ ಮಾಡದೆಯೇ ಅಳತೆ ನಡೆಯುತ್ತದೆ. ಅಲ್ಲಿ ಗುಂಡಿಯಿಲ್ಲ, ಘಟ್ಟವಿಲ್ಲ, ಅಡ್ಡ ಬರುವ ಆಟೋರಿಕ್ಷಾ ಇಲ್ಲ.

ಬೆಂಗಳೂರಿನ ಸಿಗ್ನಲಿನಲ್ಲಿ ಮೂರು ನಿಮಿಷ ನಿಂತ ಕಾರು ಆ ಮೂರು ನಿಮಿಷವೂ ಪೆಟ್ರೋಲು ಕುಡಿಯುತ್ತದೆ, ಒಂದು ಗಜವೂ ಮುಂದೆ ಹೋಗುವುದಿಲ್ಲ. ಹೆದ್ದಾರಿಯಲ್ಲಿ 80ರ ವೇಗವನ್ನು 100ಕ್ಕೆ ಏರಿಸಿದರೆ ಗಾಳಿಯ ತಡೆ ಅರ್ಧಕ್ಕಿಂತಲೂ ಹೆಚ್ಚಾಗಿ ಬೆಳೆಯುತ್ತದೆ; ಏಕೆಂದರೆ ಆ ತಡೆ ವೇಗದ ವರ್ಗಕ್ಕೆ ಅನುಗುಣವಾದುದು. ಘಟ್ಟದ ಲೆಕ್ಕವಂತೂ ಇನ್ನೂ ಸ್ಪಷ್ಟವಾದುದು. ಐದು ಜನರೂ ಗಂಟುಮೂಟೆಗಳೂ ಸೇರಿ 1300 ಕಿಲೋಗ್ರಾಂ ತೂಗುವ ಕಾರನ್ನು ಸಮುದ್ರದ ಅಂಚಿನಿಂದ ಸಕಲೇಶಪುರದ ಸುಮಾರು 900 ಮೀಟರು ಎತ್ತರಕ್ಕೆ ಏರಿಸಬೇಕು. ಇಂಧನದ ಶಕ್ತಿಯಲ್ಲಿ ಕಾಲು ಪಾಲು ಮಾತ್ರ ಚಕ್ರಕ್ಕೆ ತಲುಪುತ್ತದೆಂದು ಹಿಡಿದರೆ, ದೂರದ ಖರ್ಚಲ್ಲದೆ, ಎತ್ತರವೊಂದಕ್ಕೇ ಹೆಚ್ಚು ಕಡಮೆ ಒಂದೂವರೆ ಲೀಟರು ಪೆಟ್ರೋಲು ಬೇಕು. ಇದಕ್ಕೆ ಯಾವ ಕಂಪೆನಿಯೂ ಹೊಣೆಯಲ್ಲ. ಇದು ಪ್ರಕೃತಿಯ ತೆರಿಗೆ.

ಇದರೊಂದಿಗೆ ಇಂಧನವೂ ಬದಲಾಗಿದೆ. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲು ಬೆರೆಸಿದ ಪೆಟ್ರೋಲನ್ನು ಪ್ರಧಾನಮಂತ್ರಿಗಳು 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಲೋಕಾರ್ಪಣ ಮಾಡಿದರು. 2030ಕ್ಕೆ ಇಟ್ಟುಕೊಂಡಿದ್ದ ಗುರಿಯನ್ನು ಹಿಂದಕ್ಕೆ ತಂದು 2025ರಲ್ಲಿಯೇ ಮುಟ್ಟಲಾಯಿತು. ಕಬ್ಬು ಮತ್ತು ಮೆಕ್ಕೆಜೋಳ ಬೆಳೆಯುವ ರೈತನಿಗೆ ಇದರಿಂದ ಒಂದು ಮಾರುಕಟ್ಟೆ ಲಭಿಸಿತು. ವಿದೇಶದ ತೈಲಕ್ಕೆ ಹರಿಯುವ ಹಣವೂ ಅಷ್ಟರಮಟ್ಟಿಗೆ ಉಳಿಯಿತು. ಇದು ಒಪ್ಪತಕ್ಕ ಮಾತೇ. ಆದರೆ ಒಂದು ಲೀಟರು ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನದರಲ್ಲಿ ಮೂರನೆಯ ಎರಡು ಪಾಲು ಮಾತ್ರ. ಈ ಬೆರಕೆಗೆ ಹೊಂದಿಸದ ಕಾರುಗಳಲ್ಲಿ ಶೇಕಡಾ 6ರಿಂದ 7ರಷ್ಟು ಇಂಧನ ಕ್ಷಮತೆ ಕುಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಇದಕ್ಕೆಂದೇ ಹೊಂದಿಸಿದ ಕಾರುಗಳಲ್ಲಿ ನಷ್ಟ 1ರಿಂದ 2ರಷ್ಟು. ಎಥೆನಾಲು ಬೆರೆಸದ ಪೆಟ್ರೋಲೂ ಬಂಕಿನಲ್ಲಿ ದೊರೆಯಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರು 1ರಂದು ವಜಾ ಮಾಡಿತು. ಹೀಗಿರುವಾಗ, ದೇಶಹಿತಕ್ಕಾಗಿ ಪ್ರಜೆಯು ಸ್ವಲ್ಪ ನಷ್ಟ ಹೊರಲು ಸಿದ್ಧನಿದ್ದರೂ, ಆ ನಷ್ಟ ಇಷ್ಟೆಂದು ಅವನಿಗೆ ಮುಂಚಿತವಾಗಿ ತಿಳಿಸುವುದು ಸರ್ಕಾರದ ಕರ್ತವ್ಯವಲ್ಲವೆ?

ಶಕ್ತಿಯ ಕೊರತೆ

ಇನ್ನು ಘಟ್ಟದಲ್ಲಿ ಕಾರು ಕೂಗಿ ನಿಂತ ವಿಷಯ. ನಮ್ಮ ದೇಶದಲ್ಲಿ ಸಂಸಾರದ ಕಾರಿನ ಗಾತ್ರವನ್ನು ನಿರ್ಧರಿಸುವವನು ಎಂಜಿನಿಯರಿಗಿಂತ ಮಿಗಿಲಾಗಿ ತೆರಿಗೆಯ ಅಧಿಕಾರಿ. 2006ರ ಮುಂಗಡಪತ್ರದಲ್ಲಿ ಆಗಿನ ಅರ್ಥಮಂತ್ರಿ ಪಿ. ಚಿದಂಬರಂ ಅವರು ಸಣ್ಣ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಉದ್ದ ನಾಲ್ಕು ಮೀಟರಿನೊಳಗಿರಬೇಕು, ಪೆಟ್ರೋಲು ಎಂಜಿನು 1200 ಸಿ.ಸಿ.ಯನ್ನು ಮೀರಬಾರದು ಎಂಬುದು ನಿಬಂಧನೆ. 2025ರ ಸೆಪ್ಟೆಂಬರು 22ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಹೊಸ ದರಗಳಲ್ಲಿಯೂ ಅದೇ ಗೆರೆ ಉಳಿದಿದೆ. ಗೆರೆಯ ಈಚೆಗೆ ಶೇಕಡಾ 18, ಆಚೆಗೆ 40. ಆದುದರಿಂದ ಕಾರಖಾನೆಗಳು ಐದು ಜನರ ಸಂಸಾರವನ್ನು ಹೊರುವ ಕಾರನ್ನೂ ಈ ಗೆರೆಯೊಳಗೇ ಅಡಕಿಸಿ ಮಾಡುತ್ತವೆ. ಬಡ ಗೃಹಸ್ಥನಿಗೆ ಬೆಲೆ ಇಳಿಯಿತೆಂಬುದು ನಿಜ. ಬೆಲೆಯೊಂದಿಗೆ ಏರುಹಾದಿಯ ಕಸುವೂ ಇಳಿಯಿತೆಂಬುದೂ ಅಷ್ಟೇ ನಿಜ.

ಇಂಥ ಎಂಜಿನಿಗೆ ಎಂಬತ್ತು ತೊಂಬತ್ತು ಕುದುರೆಯ ಶಕ್ತಿಯೆಂದು ಬರೆದಿರುತ್ತದೆ. ಅದು ದೊರೆಯುವುದು ಎಂಜಿನು ನಿಮಿಷಕ್ಕೆ ಸುಮಾರು 6000 ಸುತ್ತು ತಿರುಗಿದಾಗ. ಪೆಟ್ರೋಲು ಉಳಿಸುವ ಅಭ್ಯಾಸದಿಂದ ನಾವು 2000 ಸುತ್ತಿನಲ್ಲಿಯೇ ಮೇಲಿನ ಗೇರಿಗೆ ಹೋಗುತ್ತೇವೆ. ಅಲ್ಲಿ ಆ ಕುದುರೆಗಳಲ್ಲಿ ಮೂರನೆಯ ಒಂದು ಪಾಲು ಮಾತ್ರ ಎಚ್ಚರವಾಗಿರುತ್ತವೆ. ಅದರಲ್ಲೊಂದಂಶ ಹವಾನಿಯಂತ್ರಕದ ಪಾಲು. ಟರ್ಬೋ ಇಲ್ಲದ ಎಂಜಿನು ಪ್ರತಿ ನೂರು ಮೀಟರು ಎತ್ತರಕ್ಕೆ ಸುಮಾರು ನೂರಕ್ಕೊಂದು ಪಾಲು ಶಕ್ತಿಯನ್ನು ತೆಳುವಾದ ಗಾಳಿಗೆ ತೆರುತ್ತದೆ. ಬೆಂಗಳೂರು, ಸಕಲೇಶಪುರಗಳ ಎತ್ತರದಲ್ಲಿ ಹೀಗೆ ಹತ್ತರಲ್ಲೊಂದು ಪಾಲು ಹೋದಂತೆಯೆ. ನಮ್ಮ ಮಿತ್ರರು ಟ್ಯಾಂಕರನ್ನು ದಾಟಲು ಹೊರಳಿದ್ದು ಮೂರನೆಯ ಗೇರಿನಲ್ಲಿ, ಹವಾನಿಯಂತ್ರಕವನ್ನು ನಿಲ್ಲಿಸದೆ. ಎರಡನೆಯ ಗೇರಿಗೆ ಇಳಿಸಿ, ಎಂಜಿನು ಗಟ್ಟಿಯಾಗಿ ಸದ್ದು ಮಾಡಿದರೂ ಅಂಜದೆ, ಮುಂದಿನ ಹಾದಿ ಪೂರ್ಣವಾಗಿ ಕಂಡ ಮೇಲೆ ಹೊರಡಬೇಕಾಗಿತ್ತು. ಇದನ್ನು ಅವರಿಗೆ ಹೇಳಿಕೊಟ್ಟವರಾರು? ಷೋರೂಮಿನವರು ಪರೀಕ್ಷೆಗೆಂದು ಕಾರು ಕೊಟ್ಟದ್ದು ಸಮತಟ್ಟಾದ ರಸ್ತೆಯಲ್ಲಿ ಎರಡು ಕಿಲೋಮೀಟರು, ಕುಳಿತವರು ಇಬ್ಬರು.

ರಸ್ತೆಯ ಪಾಲು

ಎಲ್ಲ ದೋಷವನ್ನೂ ಕಾರಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ವೇಗ ತಡೆಯುವ ಉಬ್ಬು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರವಿದ್ದು, 17 ಮೀಟರು ತ್ರಿಜ್ಯದ ಮೆಲ್ಲನೆಯ ಬಾಗಿರಬೇಕು. ಅಂಥ ಉಬ್ಬನ್ನು ಗಂಟೆಗೆ 25 ಕಿಲೋಮೀಟರಿನಲ್ಲಿ ಯಾವ ಕಾರಾದರೂ ದಾಟಬಲ್ಲುದು. ನಮ್ಮ ಊರುಗಳಲ್ಲಿ ರಾತ್ರೋರಾತ್ರಿ ಏಳುವ ಉಬ್ಬುಗಳಾದರೋ ಗದ್ದೆಯ ಬದುವಿನಂತೆ ಇಕ್ಕಟ್ಟಾಗಿ, ನೆಟ್ಟಗೆ ಎದ್ದು ನಿಂತಿರುತ್ತವೆ. ಐದು ಜನ ಕುಳಿತು ತಗ್ಗಿದ ಕಾರಿನ ಹೊಟ್ಟೆ ಅದಕ್ಕೆ ಉಜ್ಜದೆ ಇರಲಾರದು. ಒಂದೊಂದು ಉಬ್ಬಿಗೂ ನಿಂತು, ಮೊದಲನೆಯ ಗೇರಿನಿಂದ ಮತ್ತೆ ಹೊರಡುವ ಕಾರು ಲೀಟರಿಗೆ ಇಪ್ಪತ್ತೆರಡು ಕೊಡಬೇಕೆಂದು ನಿರೀಕ್ಷಿಸುವುದು ಹೇಗೆ?

ಅಂದು ಮತ್ತು ಇಂದು

ನಿರೀಕ್ಷೆಗಳು ಬೆಳೆದದ್ದೂ ಒಂದು ಇತಿಹಾಸ. ಈ ದೇಶದಲ್ಲಿಯೇ ಕಾರು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಯೋಜನೆ ಸಿದ್ಧಪಡಿಸಿದರು. ಪರಸರ್ಕಾರದ ಬೆಂಬಲ ಅದಕ್ಕೆ ದೊರೆಯಲಿಲ್ಲ. ಸ್ವಾತಂತ್ರ್ಯಾನಂತರ ಅಂಬಾಸಿಡರ್, ಫಿಯೆಟ್‌ಗಳ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾದು ಕಾರು ಪಡೆದವನು ಅದು ಹೇಗಿದ್ದರೂ ಪುಣ್ಯವೆಂದುಕೊಂಡನು. 1983ರ ಡಿಸೆಂಬರಿನಲ್ಲಿ 796 ಸಿ.ಸಿ.ಯ ಮಾರುತಿ 800 ಬಂದಾಗ ಮಧ್ಯಮ ವರ್ಗದ ಮನೆಬಾಗಿಲಿಗೆ ಕಾರು ಮೊದಲ ಬಾರಿಗೆ ನಿಜವಾಗಿ ಬಂದಂತಾಯಿತು. ಅಂಬಾಸಿಡರೂ ಮಾರುತಿ 800 ಕೂಡ 2014ರಲ್ಲಿ ತಯಾರಿಕೆ ನಿಲ್ಲಿಸಿದುವು. ಕೊರತೆಯ ಕಾಲ ಕಳೆಯಿತು. ಕೊಡುವವನು ಕೊಟ್ಟುದನ್ನು ಕೈಮುಗಿದು ಸ್ವೀಕರಿಸುವ ಅಭ್ಯಾಸ ಮಾತ್ರ ನಮ್ಮಿಂದ ಪೂರ್ತಿ ಕಳೆದಿಲ್ಲ.

ಆಗಬೇಕಾದುದೇನು?

ಮೊದಲನೆಯದಾಗಿ, ರಸ್ತೆಗೆ ಹತ್ತಿರವಾದ ಅಂಕಿಯೊಂದು ಗ್ರಾಹಕನಿಗೆ ದೊರೆಯಬೇಕು. ಇದು ಅಸಾಧ್ಯದ ಮಾತಲ್ಲ. ಅಮೆರಿಕೆಯಲ್ಲಿ 2008ರ ಮಾದರಿಯ ಕಾರುಗಳಿಂದ ಹೆಚ್ಚಿನ ವೇಗ, ಚಳಿ ಮತ್ತು ಹವಾನಿಯಂತ್ರಕದ ಬಳಕೆಯನ್ನೂ ಲೆಕ್ಕಕ್ಕೆ ಹಿಡಿದು ಅಂಕಿಗಳನ್ನು ತಿದ್ದಿದರು. ಅನೇಕ ಕಾರುಗಳ ಅಂಕಿ ಇಳಿಯಿತು, ಯಾವ ಕಾರಖಾನೆಯೂ ಅದರಿಂದ ಮುಳುಗಲಿಲ್ಲ. ಯೂರೋಪು 2017ರಿಂದ ಹಳೆಯ ಚಕ್ರವನ್ನು ಬಿಟ್ಟು ಹೊಸ ಚಕ್ರವನ್ನು ಹಿಡಿಯಿತು. ನಮ್ಮಲ್ಲಿಯೂ 2023ರ ಏಪ್ರಿಲಿನಿಂದ ಹೊಗೆಯ ಮಾಲಿನ್ಯವನ್ನು ನಿಜವಾದ ರಸ್ತೆಯ ಮೇಲೆ ಓಡಿಸಿ ಅಳೆಯಬೇಕೆಂಬ ನಿಯಮವಿದೆ. ಆ ಉಪಕರಣವೇ ಇಂಗಾಲದ ಡೈಆಕ್ಸೈಡನ್ನೂ ಅಳೆಯುತ್ತದೆ. ಅದು ತಿಳಿದರೆ ಉರಿದ ಪೆಟ್ರೋಲಿನ ಲೆಕ್ಕ ತಾನೇ ಸಿಕ್ಕಂತೆ. ಹೊಗೆಗೆ ಒಂದು ನ್ಯಾಯ, ಹಣಕ್ಕೆ ಇನ್ನೊಂದು ನ್ಯಾಯವೇಕೆ? ಪಟ್ಟಣದಲ್ಲಿ ಇಷ್ಟು, ಹೆದ್ದಾರಿಯಲ್ಲಿ ಇಷ್ಟು, ಹವಾನಿಯಂತ್ರಕ ಓಡಿದಾಗ ಇಷ್ಟು ಎಂಬ ಮೂರು ಅಂಕಿಗಳನ್ನು ಕಾರಿನ ಗಾಜಿನ ಮೇಲೆ ಅಂಟಿಸಿದರೆ ಕಂಪೆನಿಗೆ ಆಗುವ ವೆಚ್ಚ ಒಂದು ಕಾಗದದ್ದು.

ಎರಡನೆಯದಾಗಿ, ಲೋಕೋಪಯೋಗಿ ಇಲಾಖೆಯವರೂ ನಗರಸಭೆಗಳೂ ತಮ್ಮದೇ ನಿಯಮಪುಸ್ತಕವನ್ನು ಒಮ್ಮೆ ತೆರೆದು ನೋಡಬೇಕು. ಈ ಅಂಕಣವನ್ನು ಓದುವ ಅಧಿಕಾರಿಗಳು ಅನೇಕರು ಸ್ವತಃ ಇಂಥ ಕಾರುಗಳ ಒಡೆಯರೇ. ನೋವಿನ ಪರಿಚಯ ಅವರಿಗೂ ಇದೆ.

ಮೂರನೆಯದು ನಮ್ಮ ಪಾಲಿನದು. ಕೊಳ್ಳುವ ಮುನ್ನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಹತ್ತಿರದ ಏರಿನಲ್ಲಿ ಓಡಿಸಿ ನೋಡುವೆವೆಂದು ಹಟ ಹಿಡಿಯಬೇಕು. ಒಪ್ಪದ ಮಾರಾಟಗಾರನಿಂದ ಕೊಳ್ಳದೆ ಎದ್ದು ಬರಬೇಕು. ಕೊಂಡ ಮೇಲೆ ಹದಿನೈದು ದಿನಕ್ಕೊಮ್ಮೆ ಟೈರಿನ ಗಾಳಿ ನೋಡಬೇಕು. ಗಾಳಿ ಇಳಿದ ಟೈರು ಪೆಟ್ರೋಲನ್ನೂ ತಿನ್ನುತ್ತದೆ, ಅಪಾಯವನ್ನೂ ತರುತ್ತದೆ. ತುಂಬಿದ ಟ್ಯಾಂಕಿನಿಂದ ತುಂಬಿದ ಟ್ಯಾಂಕಿಗೆ ಲೆಕ್ಕ ಬರೆದಿಡಬೇಕು. ದೂರು ಕೊಡಲು ಹೋದಾಗ ಬಾಯಿಮಾತಿಗಿಂತ ಆ ಪುಸ್ತಕಕ್ಕೆ ಬೆಲೆ ಹೆಚ್ಚು. ಘಟ್ಟದಲ್ಲಿ ಗೇರು ಇಳಿಸಲು ಜಿಪುಣತನ ಮಾಡಬಾರದು. ಅಲ್ಲಿ ಉಳಿಯುವ ಪೆಟ್ರೋಲು ಒಂದು ಲೋಟದಷ್ಟು. ಪಣಕ್ಕೆ ಇಡುವುದು ಇಡೀ ಸಂಸಾರವನ್ನು.

ನಮ್ಮ ಮಿತ್ರರು ಈಗ ಘಟ್ಟದಲ್ಲಿ ಟ್ಯಾಂಕರುಗಳ ಹಿಂದೆ ತಾಳ್ಮೆಯಿಂದ ಎರಡನೆಯ ಗೇರಿನಲ್ಲಿ ಹೋಗುತ್ತಾರೆ. ಲೀಟರಿಗೆ ಎಷ್ಟು ಬಂತೆಂದು ಕೇಳಿದರೆ, ‘ಎಲ್ಲರೂ ಮನೆಗೆ ಬಂದೆವು, ಅದನ್ನು ಮೊದಲು ಬರೆದುಕೊಳ್ಳಿ’ ಎನ್ನುತ್ತಾರೆ. ಅವರ ತಾಯಿ ಮತ್ತೆ ಕಾರು ಹತ್ತಿದ್ದಾರೆ. ಕೈಪಿಡಿಯಲ್ಲಿ ಅಚ್ಚಾದ ಅಂಕಿಯೂ ಆ ವೃದ್ಧೆಯ ನಂಬಿಕೆಗೆ ಅರ್ಹವಾಗುವಷ್ಟು ಪ್ರಾಮಾಣಿಕವಾಗಬೇಕೆಂಬುದಷ್ಟೇ ನಮ್ಮ ಬಿನ್ನಹ.