ನಿಮಗಿದು ಗೊತ್ತೆ? ತಟ್ಟೆಯಂಚಿನ ಹೆಜ್ಜೆ, ಮಿದುಳಿನಾಳದ ಕಲಿಕೆ

ವಿಜಯವಾಡದ ಸಮೀಪದ ಕೂಚಿಪುಡಿ ಗ್ರಾಮದ ಹೆಸರು ಹೊತ್ತ ನೃತ್ಯದಲ್ಲಿ, ಹಿತ್ತಾಳೆ ತಟ್ಟೆಯ ಅಂಚಿನ ಮೇಲೆ ನಿಂತು ಹೆಜ್ಜೆ ಹಾಕುವ 'ತರಂಗಂ' ಮೊದಮೊದಲು ಪೂರ್ಣ ಗಮನ ಬೇಡಿದರೂ, ಅಭ್ಯಾಸ ಬಲಿತಂತೆ ತಾನಾಗಿ ಒದಗುವುದರಲ್ಲಿ ಮಿದುಳಿನ ಆಳದ ನರಕೋಶ ಸಮೂಹಗಳಾದ ಬೇಸಲ್ ಗ್ಯಾಂಗ್ಲಿಯಾದ ಪಾತ್ರ ದೊಡ್ಡದು. ಇವುಗಳ ಪ್ರವೇಶಭಾಗವಾದ ಸ್ಟ್ರಯಾಟಮ್‌ನಲ್ಲಿ ಕೆಲವು ನರಕೋಶಗಳು ಆಯ್ದ ಚಲನೆಗೆ ಅನುವು ಮಾಡಿದರೆ, ಇನ್ನು ಕೆಲವು ಬೇಡದ ಚಲನೆಗಳನ್ನು ತಡೆಯುತ್ತವೆ. ನಿರೀಕ್ಷೆಗಿಂತ ಉತ್ತಮ ಫಲ ದೊರೆತಾಗ ಹೆಚ್ಚುವ ಡೋಪಮೈನ್ ಎಂಬ ರಾಸಾಯನಿಕ ಸಂದೇಶವಾಹಕವು ಆ ಫಲಕ್ಕೆ ಕಾರಣವಾದ ನರಸಂಪರ್ಕಗಳನ್ನು ಬಲಪಡಿಸುತ್ತದೆ. ಚಲನೆಯನ್ನೇ ಕುಗ್ಗಿಸುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಕುಂದುವುದು ಇದೇ ಡೋಪಮೈನ್. ಅದರ ಪೂರ್ವರೂಪವಾದ ಲೆವೊಡೋಪಾವನ್ನು, ಮುಟ್ಟಿದರೆ ತುರಿಸುವ ನಸುಗುನ್ನಿಯ ಬೀಜದಿಂದ ಬೇರ್ಪಡಿಸಿದ ವರದಿಯನ್ನು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿ ಪ್ರಕಟಿಸಿದ್ದು, ವಿಜಯವಾಡವೂ ಸೇರಿದ್ದ ಅಂದಿನ ಮದ್ರಾಸ್ ಪ್ರಾಂತ್ಯದಿಂದಲೇ; ಲೆವೊಡೋಪಾ ಆಧುನಿಕ ಚಿಕಿತ್ಸೆಯಾಗಲು ಮಾತ್ರ 1960ರ ದಶಕ ಬರಬೇಕಾಯಿತು.