ಕೆಲಸ ಸಾಗಿತು ಎನ್ನುವ ನೆಮ್ಮದಿ

ಕೆಲಸದ ದಿನ ಹಿತವಾಗಿರಬೇಕು ಎಂದಾಗ ನಮಗೆ ಮೊದಲು ಹೊಳೆಯುವುದು ಕೆಲಸದ ಸುತ್ತಮುತ್ತಲ ಸಂಗತಿಗಳು: ಹೊತ್ತಿಗೆ ಸರಿಯಾಗಿ ಕಾಫಿ, ಗಾಳಿ ಬರುವ ಕಡೆ ಕುರ್ಚಿ, ನಕ್ಕು ಮಾತಾಡುವ ಸಹೋದ್ಯೋಗಿ. ಇವೆಲ್ಲ ಬೇಕು, ನಿಜ. ಆದರೆ ಸಂಜೆ ಮನೆಗೆ ಹೊರಟಾಗ ಮನಸ್ಸು ಹಗುರವಾಗಿದೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕೆಲಸವೇ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ತೆರೇಸಾ ಅಮಾಬಿಲೆ ಮತ್ತು ಮನೋವಿಜ್ಞಾನಿ ಸ್ಟೀವನ್ ಕ್ರೇಮರ್ ಅವರು 7 ಕಂಪನಿಗಳ 238 ನೌಕರರಿಂದ ದಿನದಿನದ ಅನುಭವ ಬರೆಸಿಕೊಂಡು, ಹತ್ತಿರಹತ್ತಿರ 12,000 ದಿನಚರಿ ಟಿಪ್ಪಣಿಗಳನ್ನು ಓದಿದರು. 2011ರಲ್ಲಿ ಇದನ್ನೇ ಪುಸ್ತಕವಾಗಿಯೂ ಹೊರತಂದರು. ನೌಕರರ ಮನಸ್ಸು ತುಂಬ ಉಲ್ಲಾಸದಿಂದಿದ್ದ ದಿನಗಳ ಪೈಕಿ ಶೇ. 76ರಲ್ಲಿ ಅವರ ಕೆಲಸ ಒಂದಿಷ್ಟಾದರೂ ಮುಂದಕ್ಕೆ ಹೋಗಿತ್ತು. ಹಿನ್ನಡೆ ಕಂಡದ್ದು ಅಂಥ ದಿನಗಳ ಶೇ. 13ರಲ್ಲಿ ಮಾತ್ರ. ಮುಂದಕ್ಕೆ ಹೋಗುವುದೆಂದರೆ ದೊಡ್ಡ ಗೆಲುವೇ ಆಗಬೇಕಿರಲಿಲ್ಲ, ಚಿಕ್ಕದೊಂದು ತೊಡಕು ಬಿಡಿಸಿದರೂ ಸಾಕಿತ್ತು. ನೌಕರರಿಗೆ ಹುರುಪು ತುಂಬುವುದು ಯಾವುದು ಎಂದು 669 ಮ್ಯಾನೇಜರುಗಳನ್ನು ಕೇಳಿದಾಗ, ಕೆಲಸ ಮುಂದುವರಿಯಲು ನೆರವಾಗುವುದನ್ನು ಅವರು ಪಟ್ಟಿಯ ಕಟ್ಟಕಡೆಗೆ ಇಟ್ಟರು. ಕೆಲಸ ಮಾಡಿಸುವವರ ಕಣ್ಣಿಗೇ ಇದು ಬಿದ್ದಿರಲಿಲ್ಲ ಎಂಬುದು ಗಮನಿಸಬೇಕಾದ ಮಾತು.

ಮನಸ್ಸು ಚೆನ್ನಾಗಿದ್ದವರು ಚೆನ್ನಾಗಿ ಕೆಲಸ ಮಾಡಿರಬಹುದಲ್ಲ, ಯಾವುದು ಕಾರಣ ಯಾವುದು ಪರಿಣಾಮ ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. ಎರಡೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ ಎಂದೇ ಅಮಾಬಿಲೆ ಮತ್ತು ಕ್ರೇಮರ್ ಹೇಳಿದ್ದಾರೆ. ಆದರೆ ಬೆಳಿಗ್ಗೆ ಎದ್ದು ‘ಇವತ್ತು ಖುಷಿಯಾಗಿರುತ್ತೇನೆ’ ಎಂದು ಮನಸ್ಸಿಗೆ ಅಪ್ಪಣೆ ಕೊಡಲಾಗದು. ಒಂದು ಕೆಲಸವನ್ನು ನಾಲ್ಕು ಹೆಜ್ಜೆ ಮುಂದಕ್ಕೆ ಒಯ್ಯುವ ಏರ್ಪಾಡನ್ನಂತೂ ಮಾಡಿಕೊಳ್ಳಬಹುದು. ಹಾಗಾಗಿ ನಾವು ರೂಢಿಸಿಕೊಳ್ಳುವ ಅಭ್ಯಾಸಗಳೆಲ್ಲ ಕೆಲಸದ ಈ ಮುನ್ನಡೆಯನ್ನು ಕಾಯುವಂತಿರಬೇಕು.

ಮುನ್ನಡೆಗೆ ಅಡ್ಡ ಬರುವುದು ಹೆಚ್ಚಾಗಿ ಸೋಮಾರಿತನವಲ್ಲ, ಅರ್ಧಕ್ಕೆ ಬಿಟ್ಟ ಕೆಲಸ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದಾಗ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ, ಅದರಿಂದ ಹೊಸ ಕೆಲಸವೂ ಕೆಡುತ್ತದೆ ಎಂದು ಅಮೆರಿಕದ ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಸಹಕಾರ ಸಂಘದಲ್ಲಿ ಮಾರ್ಚ್ ಕೊನೆಯ ಲೆಕ್ಕ ಮುಗಿಸುತ್ತಿರುವ ಗುಮಾಸ್ತರನ್ನು ನೆನೆಸಿಕೊಳ್ಳಿ. ಲೆಡ್ಜರಿಗೂ ಬ್ಯಾಂಕಿನ ಪಾಸ್‌ಬುಕ್ಕಿಗೂ 1,350 ರೂಪಾಯಿ ತಾಳೆಯಾಗುತ್ತಿಲ್ಲ. ಜನವರಿಯವರೆಗೆ ಒಂದೊಂದೇ ಸಾಲಿಗೆ ಟಿಕ್ ಹಾಕುತ್ತ ಬಂದಿದ್ದಾರೆ, ವ್ಯತ್ಯಾಸ ಫೆಬ್ರವರಿಯ ಬಡ್ಡಿ ಜಮೆಯಲ್ಲಿರಬೇಕೆಂಬ ಗುಮಾನಿ ಆಗತಾನೇ ಹುಟ್ಟಿದೆ. ಅಷ್ಟರಲ್ಲಿ ಫೋನು ಬರುತ್ತದೆ, ಮೇಲಧಿಕಾರಿಗೆ ಸದಸ್ಯರ ಪಟ್ಟಿ ತುರ್ತಾಗಿ ಬೇಕು. ಪಟ್ಟಿ ಕಳಿಸಿ ಬರುವ ಹೊತ್ತಿಗೆ ಟಿಕ್ಕುಗಳು ಹಾಳೆಯ ಮೇಲಿವೆ, ಗುಮಾನಿ ಮಾತ್ರ ತಲೆಯಿಂದ ಹಾರಿಹೋಗಿದೆ. ಮತ್ತೆ ಹುಡುಕಾಟ ಶುರು. ಆ ಪಟ್ಟಿ ಮಾಡುವಾಗಲಾದರೂ ನಿರಾಳವಾಗಿದ್ದರೇ ಎಂದರೆ ಅದೂ ಇಲ್ಲ, 1,350 ರೂಪಾಯಿ ಒಳಗೊಳಗೇ ಕೊರೆಯುತ್ತಿತ್ತು.

ಇದಕ್ಕೆ ಮದ್ದು ಬಹಳ ಸಣ್ಣದು. ಏಳುವ ಮುನ್ನ ಒಂದು ಚೀಟಿಯಲ್ಲಿ ‘ಜನವರಿವರೆಗೆ ತಾಳೆ, ಫೆಬ್ರವರಿ ಬಡ್ಡಿ ನೋಡಬೇಕು’ ಎಂದು ಗೀಚಿಟ್ಟರೆ ಸಾಕು. 2018ರಲ್ಲಿ ಲೆರಾಯ್ ಮತ್ತು ತೆರೇಸಾ ಗ್ಲೋಂಬ್ ಪ್ರಕಟಿಸಿದ ಅಧ್ಯಯನದಲ್ಲಿ, ಎಲ್ಲಿ ನಿಲ್ಲಿಸಿದೆ, ಬಂದಮೇಲೆ ಏನು ಮಾಡಬೇಕು ಎಂದು ಹೀಗೆ ಬರೆದಿಟ್ಟು ಎದ್ದವರ ಗಮನ ಮಧ್ಯೆ ಬಂದ ಕೆಲಸದಲ್ಲಿ ಹೆಚ್ಚು ನಿಂತಿತು, ಆ ಕೆಲಸವೂ ಚೆನ್ನಾಗಿ ಆಯಿತು. ದಿನದ ಕೊನೆಗೂ ಇದೇ ಅಭ್ಯಾಸ ಒದಗುತ್ತದೆ. ಮುಗಿಯದ ಕೆಲಸಕ್ಕೆ ಒಂದು ಖಚಿತ ಯೋಜನೆ ಹಾಕಿಕೊಂಡರೆ ಅದು ತಲೆಯಲ್ಲಿ ಸುಳಿಯುವುದು ತಗ್ಗುತ್ತದೆ ಎಂದು 2011ರಲ್ಲಿ ಮನೋವಿಜ್ಞಾನಿಗಳಾದ ಮಾಸಿಕಾಂಪೊ ಮತ್ತು ಬೌಮೈಸ್ಟರ್ ತೋರಿಸಿದ್ದಾರೆ. ಕೆಲಸ ಮುಗಿದೇ ಇರಬೇಕೆಂದಿಲ್ಲ. ನಾಳೆ ಕೂತ ತಕ್ಷಣ ಯಾವುದಕ್ಕೆ ಕೈ ಹಾಕಬೇಕೆಂದು ಇವತ್ತು ಸಂಜೆಯೇ ಬರೆದಿಟ್ಟವರಿಗೆ ರಾತ್ರಿಯ ಊಟವೂ ರುಚಿಸುತ್ತದೆ, ಬೆಳಗಿನ ಮೊದಲ ಅರ್ಧ ತಾಸು ಮೊಬೈಲಿನ ಪಾಲಾಗುವುದೂ ತಪ್ಪುತ್ತದೆ.

ಮಧ್ಯೆ ಮಧ್ಯೆ ತಡೆದರೂ ಕೆಲಸವೇನೂ ನಿಲ್ಲುವುದಿಲ್ಲ, ಕೆಲವರು ಇನ್ನೂ ಚುರುಕಾಗುತ್ತಾರೆ ಎಂಬ ವಾದವಿದೆ. ಇದಕ್ಕೆ ಪುರಾವೆಯೂ ಉಂಟು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರ 2008ರ ಪ್ರಯೋಗದಲ್ಲಿ, ಅಡ್ಡಿಗೆ ಸಿಕ್ಕವರು ಕೆಲಸವನ್ನು ಬೇಗನೇ ಮುಗಿಸಿದರು, ಗುಣಮಟ್ಟವೂ ಇಳಿಯಲಿಲ್ಲ. ಆದರೆ ಅವರ ಮೇಲಿನ ಒತ್ತಡ, ಹತಾಶೆ, ಪಟ್ಟ ಶ್ರಮ ಎಲ್ಲವೂ ಏರಿದವು. ಅಂದರೆ ಆ ವೇಗದ ಬೆಲೆಯನ್ನು ತೆತ್ತದ್ದು ಅವರ ಮೈಮನಸ್ಸು. ಒಂದು ದಿನದ ಮಟ್ಟಿಗೆ ಇದು ನಡೆದೀತು, ಮೂವತ್ತು ವರ್ಷದ ನೌಕರಿಗೆ ಅಲ್ಲ.

ಇನ್ನು ಮೊಬೈಲು. ಅದನ್ನು ಪೂರ್ತಿ ಬಾಯಿ ಮುಚ್ಚಿಸಿಡಿ ಎಂಬ ಉಪದೇಶ ಎಲ್ಲ ಕಡೆ ಸಿಗುತ್ತದೆ, ನನಗೆ ಅದರಲ್ಲಿ ನಂಬಿಕೆಯಿಲ್ಲ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರಿಗೆ ನೋಟಿಫಿಕೇಶನ್‌ಗಳನ್ನು ದಿನಕ್ಕೆ ಮೂರು ಸಲ ಒಟ್ಟುಗೂಡಿಸಿ ತಲುಪಿಸಿದರು, ಇನ್ನು ಕೆಲವರಿಗೆ ಪೂರ್ತಿ ನಿಲ್ಲಿಸಿಬಿಟ್ಟರು. ಮೊದಲಿನವರ ಗಮನ, ಮನಸ್ಸು ಎರಡೂ ಸುಧಾರಿಸಿದವು. ಪೂರ್ತಿ ನಿಲ್ಲಿಸಿದವರಲ್ಲಿ ಏನೋ ತಪ್ಪಿಹೋಗುತ್ತಿದೆ ಎಂಬ ಕಳವಳ ಹೆಚ್ಚಿತು. ಇಮೇಲನ್ನು ದಿನಕ್ಕೆ ಮೂರೇ ಸಲ ನೋಡಿದ ವಾರದಲ್ಲಿ ಒತ್ತಡ ಕಡಿಮೆಯಿತ್ತು ಎಂದು ಕೆನಡಾದ 2015ರ ಅಧ್ಯಯನವೂ ಹೇಳಿದೆ. ಆಫೀಸಿನ ವಾಟ್ಸಾಪ್ ಗುಂಪಿಗೂ ಹೀಗೆ ಹೊತ್ತು ಗೊತ್ತು ಮಾಡಬಹುದು: ಹನ್ನೊಂದಕ್ಕೊಮ್ಮೆ, ಊಟವಾದ ಮೇಲೊಮ್ಮೆ, ಹೊರಡುವ ಮುಂಚೆ ಒಮ್ಮೆ. ನಿಜವಾಗಿ ತುರ್ತು ಇದ್ದವರು ಫೋನೇ ಮಾಡುತ್ತಾರೆ.

ಆದರೆ ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೆ, ವಾರ್ಡಿನ ನರ್ಸಿಗೆ, ಬಸ್ ಕಂಡಕ್ಟರಿಗೆ ಈ ಅಭ್ಯಾಸಗಳಿಂದೇನು? ಅವರ ಹೊತ್ತು ಅವರ ಕೈಯಲ್ಲಿಲ್ಲ. ಈ ಆಕ್ಷೇಪದ ಮುಂದೆ ಅರ್ಧ ಸೋಲನ್ನು ಒಪ್ಪಲೇಬೇಕು. ಕರೆದಾಗ ಓಡುವುದೇ ಕೆಲಸವಾದ ಕಡೆ ಮುನ್ನಡೆಯನ್ನು ಬೇರೆ ಥರ ಅಳೆಯಬೇಕಾಗುತ್ತದೆ. ಮಾಡಿದ್ದಕ್ಕೆ ಗುರುತು ಹಾಕುತ್ತ ಹೋಗುವ ನರ್ಸಿಗೆ ಪಾಳಿ ಮುಗಿದಾಗ ‘ಏನೂ ಆಗಲಿಲ್ಲ’ ಎಂಬ ಸುಳ್ಳು ಭಾವ ಕಾಡುವುದು ಕಡಿಮೆ. ಆದರೆ ಇಬ್ಬರು ಮಾಡುವ ಕೆಲಸಕ್ಕೆ ಒಬ್ಬರನ್ನು ಹಾಕಿ, ಅಭ್ಯಾಸ ಸುಧಾರಿಸಿಕೊಳ್ಳಿ ಎಂದು ಬುದ್ಧಿ ಹೇಳುವುದು ಅನ್ಯಾಯ. ಅಲ್ಲಿ ಕೊರತೆ ಇರುವುದು ಸಿಬ್ಬಂದಿಯದು, ಶಿಸ್ತಿನದಲ್ಲ. ಮೇಲಿನವರು ಖರ್ಚಿಲ್ಲದೆ ಮಾಡಬಹುದಾದದ್ದೂ ಇದೆ. ತುರ್ತು ಕೆಲಸ ಹಚ್ಚುವಾಗ ಯಾವಾಗ ಬೇಕೆಂದು ಸರಿಯಾಗಿ ಹೇಳಬಹುದು, ಎದುರಿಗಿರುವವರು ಕೈಯಲ್ಲಿದ್ದ ಕೆಲಸವನ್ನು ಎಲ್ಲಿ ನಿಲ್ಲಿಸಿದರೆಂದು ಬರೆದುಕೊಳ್ಳುವಷ್ಟು ಹೊತ್ತು ಕಾಯಬಹುದು. ಅದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ.