ಆಷಾಢದಲ್ಲಿ ಹೊಸ ವರ್ಷ!

ಆಷಾಢ ಬಂತೆಂದರೆ ನಮ್ಮಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಮದುಮಗಳು ತವರಿನಲ್ಲಿ. ಅದೇ ಆಷಾಢ ಶುದ್ಧ ಬಿದಿಗೆಯಂದು ಗುಜರಾತಿನ ಕಚ್ಛ್‌ನಲ್ಲಿ ಹೊಸ ವರ್ಷ! ಹೆಸರು ಆಷಾಢಿ ಬೀಜ್. ಯಾಕೆ ಹೀಗೆ ಎಂದು ಕೆದಕಲು ಹೊರಟವನಿಗೆ ಒಂದು ಕಡಲೇ ಎದುರಾಯಿತು.

ಮಳೆ! ಒಂದು ಕಡೆ ರಣ್ ಎಂಬ ಉಪ್ಪಿನ ಬಯಲು, ಇನ್ನೊಂದು ಕಡೆ ಉಪ್ಪಿನ ಸಮುದ್ರ. ನಡುವಿನ ಒಣನೆಲಕ್ಕೆ ಮುಂಗಾರಿನ ಮೊದಲ ಮೋಡಕ್ಕಿಂತ ದೊಡ್ಡ ಹಬ್ಬ ಯಾವುದಿದ್ದೀತು? ಮಳೆಯಷ್ಟೇ ಅಲ್ಲ, ಗಾಳಿಯೂ ಇಲ್ಲಿ ಮುಖ್ಯ: ಹಾಯಿಹಡಗಿನ ಕಾಲವನ್ನು ನೆನೆಯಿರಿ. ಚಳಿಗಾಲದ ಈಶಾನ್ಯ ಗಾಳಿ ಕಚ್ಛಿ ಹಡಗುಗಳನ್ನು ಪೂರ್ವ ಆಫ್ರಿಕಾದ ಝಾಂಜಿಬಾರಿನವರೆಗೂ ಒಯ್ಯುತ್ತಿತ್ತು. ಗಾಳಿ ತಿರುಗಿದಾಗ, ಕಡಲು ಕೆರಳುವ ಮೊದಲು, ಊರಿಗೆ ಮರಳಿಸುತ್ತಿತ್ತು. ಹೊಲ ಕೈಕೊಟ್ಟವರಿಗೆ ಗಾಳಿಯೇ ಬೆಳೆ!

ಮಾಂಡವಿ ಬಂದರಿಗೆ ಹೋಗಿ ನೋಡಬೇಕು. ರುಕ್ಮಾವತಿ ನದಿಯ ದಂಡೆಯ ಕೆಸರಿನಲ್ಲಿ ಮರದ ಹಡಗೊಂದು ಮನೆಗಿಂತ ಎತ್ತರಕ್ಕೆ ಎದ್ದು ನಿಂತಿರುತ್ತದೆ. ತೆರೆದ ಪಕ್ಕೆಲುಬುಗಳ ನಡುವಿಂದ ಆಕಾಶ ಕಾಣುತ್ತದೆ. ಬಡಗಿಗಳು ಹಲಗೆಯ ಸಂದುಸಂದಿಗೂ ಹತ್ತಿ ತುರುಕಿ, ಉಳಿಯಂಥ ಸಲಕರಣೆಯಿಂದ ಬಡಿದು ಬಿಗಿಮಾಡುತ್ತಾರೆ. ಟಕ್, ಟಕ್, ಟಕ್. ಹಡಗನ್ನು ಸೋರದಂತೆ ಕಾಯುವುದು ಆ ಹತ್ತಿಯ ಎಳೆ!

ಅಂಥ ಹಡಗುಗಳಲ್ಲಿ ಹೋದವರು ಯಾರು? ಭಾಟಿಯಾ, ಲೋಹಾಣಾ, ಜೈನ, ಖೋಜಾ, ಮೇಮನ್. ದೇವರು ಬೇರೆ ಬೇರೆ, ಮನೆಮಾತು ಒಂದೇ: ಕಚ್ಛಿ. ಇರುವುದು ಗುಜರಾತಿನಲ್ಲಿ, ನಂಟು ಸಿಂಧಿಯ ಜೊತೆ, ಬರೆಯುವುದು ಹೆಚ್ಚಾಗಿ ಗುಜರಾತಿ ಲಿಪಿಯಲ್ಲಿ. ಆ ಮಾತು ಮಸ್ಕತ್‌ನ ಅಂಗಡಿಗಳಿಗೆ ಹೋಯಿತು, ಮೊಂಬಾಸಾಕ್ಕೆ ಹೋಯಿತು. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಏಷ್ಯನ್ನರನ್ನು ಉಗಾಂಡಾದಿಂದ ಓಡಿಸಿದಾಗ ಗಂಟುಮೂಟೆಯೊಂದಿಗೆ ಇಂಗ್ಲೆಂಡಿಗೂ ಹೋಯಿತು.

ಝಾಂಜಿಬಾರಿನಲ್ಲಿ ಸಿರಿವಂತನಾದ ಕಚ್ಛಿ ಖೋಜಾ ವರ್ತಕ ಥಾರಿಯಾ ಟೋಪನ್, 1887ರಲ್ಲಿ ಕಡಲಿಗೆ ಮುಖಮಾಡಿದ ಆಸ್ಪತ್ರೆಯೊಂದಕ್ಕೆ ಅಡಿಗಲ್ಲು ಹಾಕಿಸಿದ. ಅದು ಮುಗಿಯುವುದನ್ನು ನೋಡಲು ಅವನಿರಲಿಲ್ಲ, 1891ರಲ್ಲಿ ತೀರಿಕೊಂಡ. ಕೆತ್ತನೆಯ ಮರದ ಬಾಲ್ಕನಿಗಳ ಆ ಕಟ್ಟಡ ಇವತ್ತಿಗೂ ಅಲ್ಲಿದೆ, ಹಳೇ ಡಿಸ್ಪೆನ್ಸರಿ ಎಂಬ ಹೆಸರಿನಲ್ಲಿ.

ಇದನ್ನು ಓದುತ್ತಿದ್ದಾಗಲೇ ನನಗೆ ಜುಮ್ಮೆಂದದ್ದು. ವರ್ತಕ, ಕಚ್ಛಿ, ಆಸ್ಪತ್ರೆ... ನಮ್ಮ ಬೆಂಗಳೂರಿನಲ್ಲೂ ಇದೆಯಲ್ಲ! ಶಿವಾಜಿನಗರದ ಗೋಷಾ ಆಸ್ಪತ್ರೆ! ಪರದೆಯೊಳಗಿನ ಹೆಂಗಸರಿಗೂ ಚಿಕಿತ್ಸೆ ಸಿಗಲೆಂದು ಅದಕ್ಕೆ ಹಣ ಕೊಟ್ಟವರು ದಂಡುಪ್ರದೇಶದ ದೊಡ್ಡ ವರ್ತಕ ಹಾಜಿ ಸರ್ ಇಸ್ಮಾಯಿಲ್ ಸೇಠ್, ಕಚ್ಛಿ ಮೇಮನ್. ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯಲ್ಲಿರುವ ಮಸೀದಿಗೂ ಅವರದೇ ಹೆಸರು. ಆಸ್ಪತ್ರೆಯ ಹೆಸರಿನ ಮುಂದೆ ಎಚ್.ಎಸ್.ಐ.ಎಸ್. ಎಂಬ ನಾಲ್ಕು ಅಕ್ಷರಗಳಿವೆ. ಎಷ್ಟು ವರ್ಷ ಆ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡಿದ್ದೇನೆ, ಆ ಅಕ್ಷರಗಳನ್ನು ಬಿಡಿಸಿ ಓದಿರಲಿಲ್ಲ.